ಅಳತೆಗೆ ನಿಂತ ಪುಟ್ಟಿ

ಲಿಫ್ಟು ಕೆಟ್ಟಿರಲಿಲ್ಲ. ಆದರೂ ಅವನು ಮೆಟ್ಟಿಲು ಹತ್ತಿಕೊಂಡೇ ಹೋದ, ಮಗಳ ಮನೆಯ ಬಾಗಿಲು ಬೇಗ ಬಂದುಬಿಡಬಾರದು ಎಂದು ಅವನಿಗೆ ಅನ್ನಿಸುತ್ತಿತ್ತು. ಒಂದು ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ, ಇನ್ನೊಂದು ಕೈ ಜೇಬಿನಲ್ಲಿ, ಜೇಬಿನೊಳಗೆ ಅಳತೆಯ ಟೇಪು. ಮಗಳ ಮನೆಗೆ ಹೋಗುವ ಅಪ್ಪ ಟೇಪು ಇಟ್ಟುಕೊಂಡು ಹೋಗುತ್ತಾನೆಯೇ? ಹೊರಡುವಾಗ ಅದನ್ನು ತೆಗೆದಿಟ್ಟಿದ್ದ. ಬಾಗಿಲಿಗೆ ಬೀಗ ಹಾಕಿದ ಮೇಲೆ ಏನೋ ಕಳೆದುಕೊಂಡವನ ಹಾಗೆ ಒಳಗೆ ಹೋಗಿ ಮತ್ತೆ ತಂದಿದ್ದ. ಹತ್ತುತ್ತಾ ಹತ್ತುತ್ತಾ ಕಾಲು ತನ್ನಷ್ಟಕ್ಕೇ ಮೆಟ್ಟಿಲುಗಳನ್ನು ಅಳೆಯಿತು. ಒಂದು ಮೆಟ್ಟಿಲು ಬೆರಳಿನಷ್ಟು ಗಿಡ್ಡವಾಗಿತ್ತು, ಯಾವನೋ ಬೇಜವಾಬ್ದಾರಿಯವನು ಕಟ್ಟಿಸಿದ್ದು ಎಂದು ಬೈದುಕೊಂಡ, ಬೈದ ಮೇಲೆ ಸ್ವಲ್ಪ ಧೈರ್ಯ ಬಂತು. ಬೇರೆಯವರ ತಪ್ಪು ಕಣ್ಣಿಗೆ ಬಿದ್ದರೆ ಅವನಿಗೆ ಯಾವಾಗಲೂ ಧೈರ್ಯ ಬರುತ್ತಿತ್ತು. ಇವತ್ತು ಅದು ಬೇಕಾಗಿತ್ತು ಕೂಡ. ಇಷ್ಟು ವರ್ಷದಲ್ಲಿ ಮಗಳು ಬಾಯಿಬಿಟ್ಟು ಅವನನ್ನು ಕೇಳಿದ್ದು ಒಂದೇ ಒಂದು: ಹೊಸದಾಗಿ ಕೊಂಡ ಈ ಪುಟ್ಟ ಮನೆಗೆ ಒಂದು ಅಡುಗೆಮನೆ. ಅವನು ನಕ್ಷೆ ಬರೆದುಕೊಟ್ಟಿದ್ದ, ಬಡಗಿ ಮಾಡಿ ಮುಗಿಸಿದ್ದ, ಅವಳು ಅದರಲ್ಲಿ ಬೇಯಿಸಿಕೊಂಡು ತಿನ್ನಲು ಶುರುಮಾಡಿ ತಿಂಗಳು ಕಳೆದಿತ್ತು. ಅವನು ನೋಡಲು ಬರುತ್ತಿರುವುದು ಈಗ. ಚೆನ್ನಾಗಿದೆ ಎಂದು ಅವಳು ಮನಸ್ಸಿನಿಂದ ಒಂದು ಮಾತು ಅಂದುಬಿಟ್ಟರೆ ಸಾಕು, ಆ ಮನೆಯಲ್ಲಿ ತನಗೂ ಕೂರಲು ಒಂದು ಜಾಗ ಆಯಿತು ಎಂದು ಅವನು ನಂಬಿಕೊಂಡಿದ್ದ.

ನಾಳೆ ಆಫೀಸಿಗೆ ಬರುವುದಿಲ್ಲ ಎಂದು ನಿನ್ನೆ ಹೇಳಿದಾಗ ಅವನ ಸಹಾಯಕ ಪೆನ್ಸಿಲು ಕೆಳಗಿಟ್ಟು ಮುಖ ನೋಡಿದ್ದ. 'ಇವನು ನನ್ನ ಬಲಗೈ' ಎಂದು ಯಾರಿಗೋ ಪರಿಚಯ ಮಾಡಿಕೊಟ್ಟ ದಿನದಿಂದ ಆ ಸಹಾಯಕನ ಹೆಸರೇ ಬಲಗೈ ಆಗಿಹೋಗಿತ್ತು. ಹೊಸದಾಗಿ ಸೇರಿದ ಹುಡುಗಿಯರು ಕೂಡ ಬಲಗೈ ಸರ್ ಎನ್ನುತ್ತಿದ್ದರು. ಆ ಆಫೀಸಿನಲ್ಲಿ ಭಾನುವಾರ ಎನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ಹುಷಾರಿಲ್ಲವೇ ಎಂದು ಬಲಗೈ ವಿಚಾರಿಸಿದ. ಹುಷಾರಾಗಿಯೇ ಇದ್ದೇನೆ, ನಾಳೆ ಮಗಳ ಮನೆಯಲ್ಲಿ ಊಟ, ಆಕಾಶ ಕಳಚಿ ಬಿದ್ದರೂ ಫೋನು ಮಾಡಬೇಡ ಎಂದು ಇವನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದ. ನಿಜ ಹೇಳಬೇಕೆಂದರೆ ಮಗಳು ಊಟಕ್ಕೆ ಕರೆದಿರಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ ಎಂದಿದ್ದ, ಬನ್ನಿ ಎಂದಿದ್ದಳು. ಮಧ್ಯಾಹ್ನಕ್ಕೆ ಬಂದವರು ಊಟ ಮಾಡದೆ ಹೋಗುತ್ತಾರೆಯೇ ಎಂದು ಇವನೇ ಲೆಕ್ಕ ಹಾಕಿಕೊಂಡಿದ್ದ. ಆ ಬನ್ನಿ ಎಂಬ ಮಾತನ್ನೇ ಆಮೇಲೆ ಬಹಳ ಹೊತ್ತು ನಾಲಿಗೆಯ ಮೇಲೆ ಹೊರಳಿಸಿದ್ದ. ಅಪ್ಪಾ ಬಾರೋ, ಅಪ್ಪಾ ಎತ್ಕೊಳ್ಳೋ, ಅಪ್ಪಾ ನೀನು ಪೆದ್ದ ಎನ್ನುತ್ತಿದ್ದ ಹುಡುಗಿ. ಅಮ್ಮನಿಗೆ ಇವತ್ತಿಗೂ ನೀನು. ಅವನು ಮಾತ್ರ ಯಾವಾಗಲೋ ನೀವು ಆಗಿಬಿಟ್ಟಿದ್ದ. ಯಾವ ವರ್ಷ, ಯಾವ ಕಟ್ಟಡದ ಹೊತ್ತಿಗೆ ಆಯಿತೆಂದು ನೆನಪಿಲ್ಲ. ಮಗಳು ದೊಡ್ಡವಳಾದಳು, ಮರ್ಯಾದೆ ಕಲಿತಳು ಎಂದು ಆಗ ಹೆಮ್ಮೆಪಟ್ಟುಕೊಂಡಿದ್ದನೋ ಏನೋ, ಹಾಳಾದವನು.

ಅವಳು ಬಾಗಿಲು ತೆಗೆದು, ಬನ್ನಿ ಅಪ್ಪ, ಲಿಫ್ಟ್ ಇತ್ತಲ್ಲ, ಯಾಕೆ ಹತ್ತಿಕೊಂಡು ಬಂದಿರಿ ಎಂದು ಚೀಲ ಇಸಿದುಕೊಂಡಳು. ಇಷ್ಟೊಂದು ಕಿತ್ತಳೆ ಯಾರು ತಿನ್ನಬೇಕು ಎಂದು ನಕ್ಕಳು. ಮೂವತ್ತಕ್ಕೆ ಹತ್ತಿರವಾದ ಹೆಣ್ಣು, ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು, ಯಾವಾಗ ಕತ್ತರಿಸಿಕೊಂಡೆ ಎಂದು ಕೇಳಲು ಹೊರಟವನು ಚಪ್ಪಲಿ ಬಿಡಲು ಬಗ್ಗಿದ. ಅದು ಹೋದ ವರ್ಷದ್ದೇ ಆಗಿದ್ದರೆ? ಹಜಾರದಿಂದಲೇ ಅಡುಗೆಮನೆ ಕಾಣುತ್ತಿತ್ತು. ತಾನು ಕಾಗದದ ಮೇಲೆ ಎಳೆದ ಗೆರೆಗಳೆಲ್ಲ ಹಾಗೆಹಾಗೆಯೇ ಎದ್ದು ನಿಂತಿದ್ದವು: ಎಡಗಡೆ ಗೋಡೆಗೆ ಒತ್ತಿಕೊಂಡು ತರಕಾರಿ ಹೆಚ್ಚುವ ಜಾಗ, ಅದರ ಬಲಕ್ಕೆ ಒಲೆ, ಒಲೆಯಾಚೆ ಸಿಂಕು, ಕೈ ಚಾಚಿದರೆ ಸಿಗುವ ಹಾಗೆ ಚಾಕು ಚಮಚಗಳ ಡ್ರಾಯರು, ಕಿಟಕಿಯ ಬೆಳಕು ಸರಿಯಾಗಿ ಕಟ್ಟೆಯ ಮೇಲೆ ಬೀಳುವ ಹಾಗೆ ಪಕ್ಕಕ್ಕೆ ಸರಿಸಿದ ಕಪಾಟು. ಕಣ್ಣು ತುಂಬಿಬಂತು. 'ಹೇಗಿದೆ?' ಎಂದು ಕೇಳಿದ, ದನಿ ಸಣ್ಣದಾಗಿತ್ತು. 'ಚೆನ್ನಾಗಿದೆ ಅಪ್ಪ. ಬಂದವರೆಲ್ಲ ಹೊಗಳ್ತಾರೆ' ಎಂದಳು ಅವಳು. ಈ ಧಾಟಿ ಅವನಿಗೆ ಗೊತ್ತಿತ್ತು. ಮನೆ ಕಟ್ಟಿಸಿಕೊಂಡವರು ಸಭ್ಯರಾದರೆ, ಬದಲಾಯಿಸಲು ಆಗದ ತಪ್ಪೊಂದು ಕಂಡುಬಂದಾಗ, ಇದೇ ಧಾಟಿಯಲ್ಲಿ ಬಂದವರೆಲ್ಲ ಹೊಗಳುತ್ತಾರೆ ಎನ್ನುತ್ತಾರೆ. ತಾವು ಹೊಗಳುವುದಿಲ್ಲ.

ಏನು ತಪ್ಪು? ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತು ಅವನು ಹುಡುಕತೊಡಗಿದ. ತಪ್ಪಾಗುವುದು ಸಾಧ್ಯವೇ ಇರಲಿಲ್ಲ. ಅವನ ಹೆಸರು ನಿಂತಿದ್ದೇ ಅಂಥ ತಪ್ಪು ಮಾಡದವನು ಎಂಬುದರ ಮೇಲೆ. ಒಂದು ಗೆರೆ ಎಳೆಯುವ ಮುಂಚೆ ಅವನು ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದ, ಆಫೀಸಿನಲ್ಲಿ ಅದಕ್ಕೆ ವಿಚಾರಣೆ ಎಂದೇ ಹೆಸರು. ಬೆಳಿಗ್ಗೆ ಮೊದಲು ಏಳುವವರು ಯಾರು, ಎದ್ದ ತಕ್ಷಣ ದೀಪ ಹಾಕುತ್ತಾರೋ ಕತ್ತಲಲ್ಲೇ ಓಡಾಡುತ್ತಾರೋ, ಅಜ್ಜಿಗೆ ಮಂಡಿನೋವು ಯಾವ ಕಾಲಿಗೆ, ಜಗಳವಾದರೆ ಯಾರು ಯಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀರಿ, ಅಳಬೇಕು ಅನ್ನಿಸಿದಾಗ ಎಲ್ಲಿ ಅಳುತ್ತೀರಿ. ಗಂಡನಿಗೂ ಹೇಳದ ವಿಷಯವನ್ನು ಹೆಂಗಸರು ಇವನ ಮುಂದೆ ಹೇಳಿಬಿಡುತ್ತಿದ್ದರು. ನೀವು ಆರ್ಕಿಟೆಕ್ಟೋ ವಕೀಲರೋ ಎಂದು ಯಾರೋ ತಮಾಷೆ ಮಾಡಿದ್ದರು. ಊರೆಲ್ಲ ಯಾರ್‍ಯಾರ ಮನೆಯ ಯಾವ ಅಜ್ಜಿ ಎಷ್ಟು ಹೊತ್ತಿಗೆ ನೀರು ಕುಡಿಯಲು ಏಳುತ್ತಾಳೆ ಎಂಬುದು ಅವನಿಗೆ ಇವತ್ತಿಗೂ ಬಾಯಿಪಾಠ.

ಮಗಳ ಅಡುಗೆಮನೆಗೆ ಮಾತ್ರ ಏನನ್ನೂ ಕೇಳಿರಲಿಲ್ಲ. ಕೇಳುವುದೇನಿದೆ? ಅವಳು ಅವನಿಗೆ ಪೂರ್ತಿ ಗೊತ್ತಿದ್ದಳು. ಅವಳ ಚಿತ್ರ ಬರೆದಷ್ಟು ಸಲ ಅವನು ಬೇರೆ ಯಾರದನ್ನೂ ಬರೆದಿರಲಿಲ್ಲ. ಕಟ್ಟಡದ ಚಿತ್ರ ಬರೆದಾಗ ಅದು ಎಷ್ಟು ಎತ್ತರ ಎಂದು ತಿಳಿಯಲಿ ಎಂದು ಪಕ್ಕದಲ್ಲಿ ಒಂದು ಮನುಷ್ಯಾಕೃತಿ ನಿಲ್ಲಿಸುತ್ತಾರೆ. ಅವನ ಎಲ್ಲ ಚಿತ್ರಗಳಲ್ಲೂ ಹಾಗೆ ಅಳತೆಗೆ ನಿಂತಿದ್ದವಳು ಒಂದೇ ಹುಡುಗಿ: ಗಿಡ್ಡ ಲಂಗ, ಎರಡು ಜಡೆ, ಮೇಲೆತ್ತಿದ ಒಂದು ಕೈ. ಮಗಳು ಐದು ವರ್ಷದವಳಿದ್ದಾಗಿನ ಫೋಟೋದಿಂದ ಅವನೇ ಎತ್ತಿಕೊಂಡದ್ದು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಪುಟ್ಟಿ ಎಂಬ ಹೆಸರೂ ಅದರ ಜೊತೆಗೇ ಆಫೀಸಿಗೆ ಹೋಗಿಬಿಟ್ಟಿತ್ತು. ಪುಟ್ಟೀನ ಬಾಗಿಲ ಹತ್ತಿರ ನಿಲ್ಲಿಸು. ಪುಟ್ಟಿ ಜಾಸ್ತಿ ಆಯ್ತು, ಒಂದು ತೆಗಿ. ಪುಟ್ಟಿ ಬೆನ್ನು ಹಾಕಿ ನಿಂತಿದಾಳೆ, ಈ ಕಡೆ ತಿರುಗಿಸು. ಹಗಲೂ ಇರುಳೂ ಆಫೀಸಿನಲ್ಲಿ ಇದೇ ಮಾತು. ಕೊನೆಗೆ ಮನೆಯಲ್ಲಿ ಮಗಳನ್ನು ಪುಟ್ಟಿ ಎಂದು ಕರೆಯುವಾಗ ಏನೋ ಕೆಲಸದ ಮಾತಾಡಿದ ಹಾಗಾಗಿ, ಕರೆಯುವುದನ್ನೇ ಬಿಟ್ಟಿದ್ದ. ಆಸ್ಪತ್ರೆ, ಲೈಬ್ರರಿ, ಬಸ್ ನಿಲ್ದಾಣ, ಶ್ರೀಮಂತರ ತೋಟದ ಮನೆ, ಎಲ್ಲದರ ಮುಂದೆಯೂ ಪುಟ್ಟಿ ಕೈ ಎತ್ತಿ ನಿಂತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮಗಳು ಆಫೀಸಿಗೆ ಬಂದಿದ್ದಳು, ಅವಳಮ್ಮ ಬೇರೆ ಊರಿನಲ್ಲಿ ಕೆಲಸ ಹಿಡಿದು ಅವಳನ್ನು ಕರೆದುಕೊಂಡು ಹೊರಡುವ ಮುಂಚಿನ ವಾರ ಅದು. ಗೋಡೆಗೆ ಅಂಟಿಸಿದ್ದ ಆಸ್ಪತ್ರೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತು, 'ಇದರಲ್ಲಿ ನಾನು ಯಾರ ಜೊತೆ ಬಂದಿದೀನಿ?' ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕು, ಅವಳು ಹೋದ ಮೇಲೆ, ಪುಟ್ಟಿಯ ಪಕ್ಕ ಒಬ್ಬ ಹೆಂಗಸನ್ನು ನಿಲ್ಲಿಸಿ ನೋಡಿ, ಚಿತ್ರ ಭಾರವಾಯಿತು ಎಂದು ತೆಗೆದುಹಾಕಿದ್ದ.

ಮಗಳು ಒಲೆಯ ಮೇಲೆ ಹಾಲಿಟ್ಟು ಬೀನ್ಸ್ ಹೆಚ್ಚಲು ಹಿಡಿದಳು. ಟೀ ಮಾಡ್ತೀನಿ ಎಂದಳು. ಅವನು ಗೋಡೆಯ ಮೇಲೆ ಒಂದು ಕಲೆ ಕಂಡ. ಹೆಚ್ಚುವ ಜಾಗದ ಎಡಕ್ಕಿದ್ದ ಬಿಳಿ ಗೋಡೆಯಲ್ಲಿ, ಕಟ್ಟೆಯಿಂದ ಗೇಣುದ್ದ ಮೇಲೆ, ಅಂಗೈಯಗಲದ ಮಾಸಲು. ಸಿಕ್ಕಿತು ಎಂದುಕೊಂಡ. ಬಣ್ಣದವನ ಕೆಲಸ. ಒಂದು ತಿಂಗಳಿಗೇ ಹೀಗೆ ಮಾಸುವುದೆಂದರೆ ಅವನು ಹಾಕಿದ್ದು ಬಣ್ಣವೋ ಸುಣ್ಣವೋ? ಎದ್ದು ಕರವಸ್ತ್ರ ಒದ್ದೆ ಮಾಡಿಕೊಂಡು ಉಜ್ಜಲು ಹೋದ. ಮಗಳು ಪಕ್ಕಕ್ಕೆ ಸರಿದು, ಬಿಡಿ ಅಪ್ಪ, ಅದು ಹೋಗಲ್ಲ, ಹೋದರೂ ಮತ್ತೆ ಬರುತ್ತೆ ಎಂದಳು. ಯಾಕೆ ಮತ್ತೆ ಬರಬೇಕು ಎಂದು ಅವನು ಬಣ್ಣದವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡುತ್ತಾ ಕುರ್ಚಿಗೆ ಮರಳಿದ. ಅಭ್ಯಾಸದಂತೆ ಮತ್ತೆ ಫೋನು ತೆಗೆದು ನೋಡಿದ. ಯಾರೂ ಮಾಡಿರಲಿಲ್ಲ. ಬೇಡ ಎಂದಿದ್ದವನು ತಾನೇ, ಆದರೂ ಒಂದು ಬೆಳಗು ಪೂರ್ತಿ ತಾನಿಲ್ಲದೆ ಆಫೀಸು ನಡೆದುಬಿಟ್ಟಿತಲ್ಲ ಎಂದು ಒಳಗೊಳಗೇ ಚುರುಕ್ ಎಂದಿತು. ತಲೆಯೆತ್ತಿದಾಗ ಮಗಳು ಮತ್ತೆ ಹೆಚ್ಚುತ್ತಿದ್ದಳು. ಚಾಕು ಹಿಡಿದ ಕೈಯ ಮೊಣಕೈ ಒಂದೊಂದು ಸಲ ಮೇಲೆದ್ದಾಗಲೂ ಗೋಡೆಗೆ ಸವರುತ್ತಿತ್ತು. ಸರಿಯಾಗಿ ಆ ಕಲೆಯ ಮೇಲೆ. ಅವಳು ಮೈಯನ್ನು ಒಂದಿಷ್ಟು ಓರೆ ಮಾಡಿ ನಿಂತಿದ್ದಳು, ಇಕ್ಕಟ್ಟಿನ ಬಸ್ಸಿನಲ್ಲಿ ಪಕ್ಕದವರಿಗೆ ತಾಗದ ಹಾಗೆ ನಿಂತವರಂತೆ. ಯಾವ ಕೈ ಅದು? ಅವನು ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟು ನೋಡಿಕೊಂಡ. ಎಡಗೈ.

ಇಲ್ಲ, ಇವತ್ತೊಂದಿನ ಏನೋ ಹಾಗೆ ಹಿಡಿದುಕೊಂಡಿದ್ದಾಳೆ ಎಂದು ಮನಸ್ಸು ಹಟ ಹಿಡಿಯಿತು. ಅವನು ಪುಟ್ಟಿಯನ್ನು ನೆನೆದುಕೊಂಡ. ಮೇಲೆತ್ತಿದ ಆ ಕೈ ಯಾವುದು? ಆಸ್ಪತ್ರೆಯ ಮುಂದೆ ಬಲ. ಲೈಬ್ರರಿಯ ಮುಂದೆ ಎಡ. ಬಸ್ ನಿಲ್ದಾಣದಲ್ಲಿ ಮೂವರು ಪುಟ್ಟಿಯರು, ಇಬ್ಬರು ಬಲ, ಒಬ್ಬಳು ಎಡ. ಕಟ್ಟಡ ಯಾವ ಕಡೆಗಿದ್ದರೆ ಆ ಕಡೆಗೆ ಅವಳನ್ನು ಕನ್ನಡಿಯಂತೆ ಮಗುಚಿ ಮಗುಚಿ ನಿಲ್ಲಿಸಿ, ಮೊದಲು ಅವಳು ಎತ್ತಿದ್ದು ಯಾವ ಕೈ ಎಂಬುದೇ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲದ ಹಾಗೆ ಮಾಡಿಟ್ಟಿದ್ದ. ಪುಟ್ಟೀನ ತಿರುಗಿಸು ಎಂದು ಎಷ್ಟು ಸಾವಿರ ಸಲ ಅಂದಿರಬೇಕು ಈ ಬಾಯಿ. ಅಷ್ಟರಲ್ಲಿ ಹಾಲು ಉಕ್ಕಿತು. ಅವಳ ಎಡಗೈಯಲ್ಲಿ ಚಾಕು, ಬಲಗೈ ತುಂಬ ಹೆಚ್ಚಿದ ಬೀನ್ಸ್. ನೊರೆ ಸರಸರ ಮೇಲೆದ್ದು ಪಾತ್ರೆಯ ಅಂಚು ದಾಟಿತು. 'ಅಪ್ಪಾ, ಆರಿಸೋ!' ಎಂದು ಅವಳು ಕೂಗಿದಳು.

ಅವನು ಒಂದೇ ನೆಗೆತಕ್ಕೆ ಹೋಗಿ ಒಲೆ ಆರಿಸಿದ. ನೋಡಬೇಕಾದ ಅಗತ್ಯವೂ ಬೀಳಲಿಲ್ಲ, ಒಲೆಯ ಗುಂಡಿ ಅವನ ಬಲಗೈಗೆ ತಾನೇ ಬಂದು ಸಿಕ್ಕಿತು. ಬಟ್ಟೆ ಇರಬೇಕಾದ ಕಡೆ ಬಟ್ಟೆ, ಸಿಂಕು ಇರಬೇಕಾದ ಕಡೆ ಸಿಂಕು. ಅಡುಗೆಮನೆ ಅವನ ಮೈಗೆ ಹೊಲಿಸಿದ ಅಂಗಿಯ ಹಾಗೆ ಕೂತಿತ್ತು. ಆದರೆ ಅವನ ಕಿವಿಯಲ್ಲಿ ಇದ್ದದ್ದು ಆ ಒಂದು ಮಾತು. ಆರಿಸೋ. ಎಲ್ಲಿ ಅಡಗಿತ್ತು ಇದು ಇಷ್ಟು ವರ್ಷ? ಹಾಲು ಕಟ್ಟೆಯಿಂದ ತೊಟ್ಟಿಕ್ಕುತ್ತಿತ್ತು, ಸುಟ್ಟ ವಾಸನೆ, ಅವನು ಬಟ್ಟೆ ಹಿಡಿದುಕೊಂಡು ಪೆದ್ದನ ಹಾಗೆ ನಿಂತ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಹಾಲು ಇನ್ನೊಮ್ಮೆ ಉಕ್ಕಬಾರದೇ ಅನ್ನಿಸಿತು. 'ಸಾರಿ ಅಪ್ಪ' ಎಂದಳು ಮಗಳು, ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, 'ನೀವು ಕೂತ್ಕೊಳ್ಳಿ, ನಾನು ಒರೆಸ್ತೀನಿ.'

ಅವನು ಕೂರಲಿಲ್ಲ. 'ನೀನು ಎಡಗೈಯವಳಾ?' ಎಂದು ಕೇಳಿದ. ಕೇಳಿದ ಮೇಲೆ ಅದು ಎಂಥ ಪ್ರಶ್ನೆ ಎಂದು ಅವನಿಗೇ ಕೇಳಿಸಿತು.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. 'ಹೂಂ ಅಪ್ಪ. ಮೊದಲಿಂದಾನೂ.'

'ಹೇಳಬೇಕಾಗಿತ್ತು. ಇದೆಲ್ಲ ಉಲ್ಟಾ ಆಗಿದೆ ನಿನಗೆ. ಪೂರ್ತಿ ಉಲ್ಟಾ.'

'ನೀವು ಕೇಳ್ತೀರ ಅಂದ್ಕೊಂಡಿದ್ದೆ' ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. 'ಎಲ್ಲರನ್ನೂ ಕೂರಿಸಿಕೊಂಡು ಕೇಳ್ತೀರಲ್ಲ. ನನ್ನನ್ನೂ ಕೂರಿಸಿಕೊಂಡು ಕೇಳ್ತೀರ ಅಂತಾನೇ ಅಡುಗೆಮನೆ ಬೇಕು ಅಂದಿದ್ದು. ನೀವು ಮಾರನೇ ದಿನಾನೇ ಡ್ರಾಯಿಂಗ್ ಕಳಿಸಿಬಿಟ್ರಿ.'

ಮಾರನೆಯ ದಿನವೇ. ಅದನ್ನೇ ಅವನು ಪ್ರೀತಿ ಎಂದುಕೊಂಡಿದ್ದ, ಆಫೀಸಿನ ಎಲ್ಲ ಕೆಲಸ ಬದಿಗಿಟ್ಟು ಒಂದೇ ಉಸಿರಿಗೆ ಬರೆದದ್ದನ್ನು. ಎಲ್ಲ ಬಿಚ್ಚಿ ಹೊಸದಾಗಿ ಮಾಡಿಸೋಣ, ನಾಳೆಯೇ ಬಡಗಿಯನ್ನು ಕಳಿಸುತ್ತೇನೆ ಎಂದು ತಡಬಡಾಯಿಸಿದ. ಬೇಡ ಅಪ್ಪ, ಅಭ್ಯಾಸ ಆಗುತ್ತೆ ಎಂದಳು ಮಗಳು. ಅಭ್ಯಾಸ ಆಗುತ್ತೆ. ಹೆಂಡತಿಯೂ ಹೀಗೆಯೇ ಅನ್ನುತ್ತಿದ್ದಳು. ಒಬ್ಬಳೇ ಆಸ್ಪತ್ರೆಗೆ ಹೋಗಿಬಂದಾಗ, ಒಬ್ಬಳೇ ಮದುವೆಮನೆಗಳಿಗೆ ಹೋಗಿ ಅವರು ಸೈಟಿನಲ್ಲಿದ್ದಾರೆ ಎಂದು ಹೇಳಿಬಂದಾಗ. ಜಗಳವಿಲ್ಲದೆ, ಬಾಗಿಲು ಬಡಿಯದೆ, ಅಭ್ಯಾಸ ಪೂರ್ತಿ ಆದ ದಿನ ಹೊರಟುಹೋಗಿದ್ದಳು. ಮಗಳು ಚಿಕ್ಕವಳಿದ್ದಾಗ ಒಮ್ಮೆ ಹೆಂಡತಿ ಸೈಟಿಗೆ ಫೋನು ಮಾಡಿದ್ದಳು. ಮೇಲ್ಛಾವಣಿಗೆ ಕಾಂಕ್ರೀಟ್ ಹಾಕುವ ದಿನ, ಮಿಕ್ಸರಿನ ಗಲಾಟೆಯಲ್ಲಿ ಕಿವಿ ತೂತಾಗುತ್ತಿತ್ತು. ಸ್ಕೂಲಲ್ಲಿ ಟೀಚರು ಮಗೂಗೆ ಕೈ ಎಂದೇನೋ ಅಂದಳು, ಅವನಿಗೆ ಕೈ ಎಂಬುದಷ್ಟೇ ಸರಿಯಾಗಿ ಕೇಳಿಸಿತು. ಕೈ ಮುರ್ಕೊಂಡಳಾ ಎಂದು ಕಿರುಚಿದ. ಇಲ್ಲ, ಮುರಿದಿಲ್ಲ ಎಂದಳು. ಹಾಗಾದರೆ ಸಂಜೆ ಮಾತಾಡೋಣ ಎಂದು ಇಟ್ಟುಬಿಟ್ಟಿದ್ದ. ಆ ಸಂಜೆ ಇನ್ನೂ ಬಂದಿಲ್ಲ. ಎಡಗೈಯಲ್ಲಿ ಬರೆದಳೆಂದು ಆ ಕೈಗೆ ಏಟು ತಿಂದು ಬಂದಿರಬೇಕಾದ ಹುಡುಗಿಗೆ ಅವಳಮ್ಮ ಏನು ಹೇಳಿ ಮಲಗಿಸಿದ್ದಳೋ. ಛಾವಣಿ ಮಾತ್ರ ಚೆನ್ನಾಗಿ ಬಂತು, ಇವತ್ತಿಗೂ ಒಂದು ಹನಿ ಸೋರುವುದಿಲ್ಲ.

ಟೀ ಕುಡಿದಾಯಿತು. ಲೋಟ ತೊಳೆದಿಡಲು ಹೋದವನು ಒಲೆಯ ಹಿಂದೆ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ಸರಿಸಿ ನೋಡಿದ, ಊಟಕ್ಕೆ ಏನಿದೆ ಎಂದು ಮಕ್ಕಳು ನೋಡುವ ಹಾಗೆ. ಬೋಗುಣಿಯಷ್ಟು ಸಣ್ಣ ಪಾತ್ರೆ, ಅದರ ತಳದಲ್ಲಿ ಅನ್ನ. ಒಬ್ಬರಿಗಾಗುವಷ್ಟು. ಪಕ್ಕದಲ್ಲಿ ಕವುಚಿಟ್ಟ ಒಂದು ತಟ್ಟೆ. ಅವನ ಹಿಂದೆ ಬಂದು ನಿಂತ ಮಗಳು ಕೆಂಪಗಾದಳು. ನೀವು ಹೇಗೂ ಟೀ ಕುಡಿದು ಹೊರಟುಬಿಡ್ತೀರ, ಅದಕ್ಕೇ ನನ್ನೊಬ್ಬಳಿಗೇ ಮಾಡ್ಕೊಂಡೆ ಎಂದಳು. ಆಮೇಲೆ, 'ಇರ್ತೀರಾದ್ರೆ ಇನ್ನೊಂದಿಷ್ಟು ಇಡ್ತೀನಿ. ಆವಾಗಿಂದ ಫೋನ್ ನೋಡ್ತಾನೇ ಇದೀರಿ. ಕೆಲಸ ಇದೆಯೇನೋ ಅಂತ...' ಎಂದು ಅರ್ಧಕ್ಕೆ ನಿಲ್ಲಿಸಿದಳು.

ಇಡು ಎನ್ನಬೇಕಾಗಿತ್ತು. ಎರಡಕ್ಷರ. ಅಕ್ಕಿ ಬೇಯುವವರೆಗೆ ಕೂತು, ನಿನ್ನ ಕೂದಲು ಯಾವಾಗ ಕತ್ತರಿಸಿಕೊಂಡೆ, ಅಳಬೇಕು ಅನ್ನಿಸಿದರೆ ಈ ಮನೆಯಲ್ಲಿ ಎಲ್ಲಿ ಅಳುತ್ತೀಯ ಎಂದು ಕೇಳಬಹುದಾಗಿತ್ತು. ಆದರೆ ಬೇರೆಯವರ ಪಾಲಿನ ಅನ್ನದ ಮುಚ್ಚಳ ತೆಗೆದು ಸಿಕ್ಕಿಬಿದ್ದವನ ನಾಚಿಕೆ ಅವನನ್ನು ಬಿಡಲಿಲ್ಲ, ಮತ್ತು ನಾಲಿಗೆ ಮೂವತ್ತು ವರ್ಷದ ದಾರಿಯನ್ನೇ ಹಿಡಿಯಿತು. 'ಹೂಂ, ಆಫೀಸಲ್ಲಿ ಕಾಯ್ತಾ ಇದಾರೆ' ಎಂದ. ಅವಳ ಮುಖದಲ್ಲಿ ಏನು ಹಾದುಹೋಯಿತೆಂದು ಅವನು ನೋಡದೆ ಚಪ್ಪಲಿ ಹುಡುಕಿದ. ಇಷ್ಟು ಕಿತ್ತಳೆ ನನಗೆ ಮುಗಿಯಲ್ಲ, ಆಫೀಸಲ್ಲಿ ತಿನ್ನಿ ಎಂದು ಅವಳು ಎರಡು ಹಣ್ಣು ಅವನ ಜೇಬಿಗೆ ತುರುಕಿದಳು. ಒಂದು ಟೇಪಿಗೆ ತಾಗಿ ಉಬ್ಬಿಕೊಂಡಿತು.

ಬೀದಿಗೆ ಬಂದು ತಿರುಗಿ ನೋಡಿದಾಗ ಅವಳು ಬಾಲ್ಕನಿಯಲ್ಲಿದ್ದಳು, ಕೈ ಎತ್ತಿದಳು. ಎಡಗೈ. ಆಗ ಅವನಿಗೆ ಪುಟ್ಟಿಯ ಆ ಫೋಟೋ ತೆಗೆದ ಬೆಳಿಗ್ಗೆ ನೆನಪಾಯಿತು. ಕ್ಯಾಮೆರಾ ಇದ್ದದ್ದು ಸೈಟಿನ ಪಾಯದ ಫೋಟೋಗಳಿಗೆ. ಸೈಟಿಗೆ ಹೋಗುವ ಮುಂಚೆ ಹೊಸ ರೀಲು ಹಾಕಬೇಕಿತ್ತು, ಹಳೆಯದರಲ್ಲಿ ಒಂದು ಉಳಿದಿತ್ತು, ಅದನ್ನು ಮುಗಿಸಲೆಂದು ಗೇಟಿನಾಚೆಯಿಂದ ತಿರುಗಿ ಕ್ಲಿಕ್ ಎನ್ನಿಸಿದ್ದ. ಅವಳು ಬಾ ಎಂದು ಕರೆಯುತ್ತಿದ್ದಾಳೆ ಎಂದು ಇಷ್ಟು ದಿನ ತಿಳಿದಿದ್ದ. ಅಲ್ಲ. ಹೊರಟ ಅಪ್ಪನನ್ನು ಕಳಿಸಿಕೊಡುತ್ತಿದ್ದಳು. ಅವನೂ ಕೈ ಎತ್ತಿದ. ಅವಳು ಒಳಗೆ ಹೋಗಲಿ ಎಂದು ಅವನು ಕಾದ, ಅವನು ಹೋಗಲಿ ಎಂದು ಅವಳು ಕಾದಳು. ಅವಳ ಅನ್ನ ಆರಿಹೋಗುತ್ತದೆ ಎಂದು ಅವನೇ ಮೊದಲು ತಿರುಗಿ, ಕೆಲಸವಿದ್ದವನ ಹಾಗೆ ಬೇಗಬೇಗ ನಡೆದು, ಬೀದಿಯ ತಿರುವು ದಾಟಿದ ಕೂಡಲೇ ಒಂದು ಕಾಂಪೌಂಡಿನ ಗೋಡೆಗೆ ಒರಗಿದ.

ಭಾನುವಾರದ ಬೀದಿ ಖಾಲಿಯಾಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಕಿತ್ತಳೆ ತೆಗೆದು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಸುಲಿಯಲು ನೋಡಿದ. ಉಗುರು ಜಾರಿತು, ಸಿಪ್ಪೆ ಚೂರುಚೂರಾಗಿ ಬಂತು, ರಸ ಕಣ್ಣಿಗೆ ಹಾರಿ ಉರಿಯಿತು. ಕೈ ಬದಲಾಯಿಸಲಿಲ್ಲ. ಅರ್ಧ ಸುಲಿಯುವಷ್ಟರಲ್ಲಿ ಫೋನು ಬಂತು, ಸಹಾಯಕ ಬಲಗೈಯದು. ಮಾಡಬೇಡಿ ಅಂದಿದ್ರಿ ಸರ್, ಕ್ಷಮಿಸಿ ಎಂದು ರಾಗ ಎಳೆದು, ಏನೂ ಅವಸರವಿಲ್ಲ, ಸುಮ್ಮನೆ ಮಾಡಿದೆ, ಊಟ ಆಯ್ತಾ ಎಂದು ಕೇಳಿದ.

'ಮಾಡ್ತಾ ಇದೀನಿ.'

'ಮಗಳ ಮನೇಲಾ ಸರ್?'

ಅವನು ಎಡಗೈಯಿಂದ ಒಂದು ತೊಳೆ ಬಿಡಿಸಿ ಬಾಯಿಗಿಟ್ಟುಕೊಂಡ. 'ಹೂಂ' ಎಂದ, 'ಮಗಳ ಮನೇಲೇ.'